ಪಲ್ಟಣಕ್ಕೆ ಕೊಟ್ಟ ಹುಡುಗ

ನಾನೀಗ ಇರುವ ಓಣಿಯ ಮೂಲೆಯಲ್ಲಿ ಒಂದು ಖಾನಾವಳಿ ಇದೆ. ಬೆಳಕು ಹರಿಯುತ್ತಲೇ ಅಲ್ಲಿ ಹೆಂಗಸರು ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯಲು ಸುರುಮಾಡುತ್ತಾರೆ. ಮೊದಲು ಒಬ್ಬಳ ಅಂಗೈ, ಆಮೇಲೆ ಮತ್ತೊಬ್ಬಳದು. ಸ್ವಲ್ಪ ಹೊತ್ತಿಗೆ ಎಲ್ಲ ಕೈಗಳೂ ಒಂದೇ ಲಯಕ್ಕೆ ಬಿದ್ದು ಪಟಪಟ ಪಟಪಟ ಎನ್ನುವ ಆ ಸಪ್ಪಳ, ಹಂಚಿನ ಮೇಲೆ ಬೇಯುವ ಹಿಟ್ಟಿನ ವಾಸನೆಯ ಜೊತೆ ನನ್ನ ಕಿಟಕಿಯೊಳಗೆ ಬರುತ್ತದೆ. ದಾರಿಯಲ್ಲಿ ಹೋಗುವವರಿಗೆ ಅದು ಹಸಿವೆ ಹುಟ್ಟಿಸುವ ಸಪ್ಪಳ. ನನಗೆ ಮಾತ್ರ ಯಾರೋ ಎದ್ದು, ರುಮಾಲು ಸುತ್ತಿಕೊಂಡು, ಕಾಲಿಗೆ ಚಪ್ಪಲಿ ಮೆಟ್ಟಿ, ಒಂದು ಮಾತೂ ಆಡದೆ ಮನೆಯಿಂದ ಹೊರಟುಹೋದ ಹಾಗೆ ಅನ್ನಿಸುತ್ತದೆ. ಹಾಗೆ ದಿನಾ ಹೊರಟುಹೋಗುತ್ತಿದ್ದವನು ನನ್ನ ಅಜ್ಜ ಮಲ್ಲಪ್ಪ.

ನಮ್ಮೂರು ನೇಸರಗಿಯಿಂದ ಒಳಕ್ಕೆ, ಎರೆಹೊಲಗಳ ನಡುವೆ. ತೊಂಬತ್ತರ ದಶಕದಲ್ಲಿ ನಾನು ಅಲ್ಲಿ ಬೆಳೆದೆ. ಮಣ್ಣಿನ ಮಾಳಿಗೆಯ ದೊಡ್ಡ ಮನೆ. ತಲೆಬಾಗಿಲು ದಾಟಿದರೆ ಎಡಕ್ಕೆ ಎತ್ತು, ಎಮ್ಮೆ, ಬಲಕ್ಕೆ ಮೇವಿನ ರಾಶಿ, ನಾಲ್ಕು ಮೆಟ್ಟಿಲು ಹತ್ತಿದರೆ ಪಡಸಾಲೆ. ಬೇಸಿಗೆಯಲ್ಲೂ ಒಳಗೆ ತಂಪು. ಸೆಗಣಿ, ಶೇಂಗಾ, ಕುಸುಬಿ ಎಣ್ಣೆ, ದೇವರ ಜಗಲಿಯ ಮೇಲಿನ ವಿಭೂತಿ, ಎಲ್ಲ ಕೂಡಿದ ಒಂದು ವಾಸನೆ. ನಿಮ್ಮಲ್ಲಿ ಕೆಲವರು ಅಂಥ ಮನೆಯಲ್ಲೇ ಹುಟ್ಟಿದವರಿದ್ದೀರಿ, ಕಣ್ಣು ಮುಚ್ಚಿದರೆ ನಿಮ್ಮ ಮೂಗಿಗೂ ಅದು ಬಂದೀತು. ಆದರೆ ನಮ್ಮ ಮನೆಯ ನಟ್ಟನಡುವೆ ಒಂದು ಗೋಡೆ ಇತ್ತು. ಪಡಸಾಲೆಯನ್ನು ಸೀಳಿಕೊಂಡು ಹಿತ್ತಲಿನವರೆಗೆ ಹೋದ ಮಣ್ಣಿನ ಗೋಡೆ. ದಾರಿಗೆ ಅಡ್ಡ ಬಂದ ಕಂಬವೊಂದನ್ನು ಅದು ನಡುವೆ ನುಂಗಿಕೊಂಡಿತ್ತು. ಕಂಬದ ಅರ್ಧ ಕೆತ್ತನೆ ನಮ್ಮ ಕಡೆ, ಇನ್ನರ್ಧ ಆ ಕಡೆ. ಆ ಕಡೆ ಇದ್ದವನು ಅಜ್ಜನ ಒಡಹುಟ್ಟಿದ ಅಣ್ಣ ಬಸಲಿಂಗಪ್ಪ. ನಾವು ಮಕ್ಕಳು ಅವನನ್ನು ದೊಡ್ಡಜ್ಜ ಅನ್ನಬೇಕಿತ್ತು. ಅನ್ನುತ್ತಿರಲಿಲ್ಲ, 'ಆ ಕಡಿಯಾಂವ' ಅನ್ನುತ್ತಿದ್ದೆವು.

ಅಜ್ಜನಿಗೆ ರೊಟ್ಟಿ ಬಡಿಯುವ ಸಪ್ಪಳ ಆಗುತ್ತಿರಲಿಲ್ಲ. ಬರೀ ರೊಟ್ಟಿ ಅಂತಲ್ಲ, ಲಯ ಹಿಡಿದು ಬಡಿಯುವ ಯಾವ ಸಪ್ಪಳವೂ ಆಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ತಟ್ಟೆಯ ಮೇಲೆ ಬೆರಳು ಕುಟ್ಟುವ ಹಾಗಿರಲಿಲ್ಲ. ಆಯಿ, ಅಂದರೆ ನನ್ನ ಅಜ್ಜಿ, ಅವನು ಹೊಲಕ್ಕೆ ಹೊರಟ ಮೇಲೆಯೇ ಒಲೆ ಮುಂದೆ ಕೂಡುತ್ತಿದ್ದಳು. ಅವನು ಮನೆಯಲ್ಲಿರುವಾಗ ಬಡಿಯಲೇಬೇಕಾಗಿ ಬಂದರೆ ಲಯ ಮುರಿದು ಬಡಿಯುತ್ತಿದ್ದಳು. ಎರಡು ಏಟು, ಸುಮ್ಮನೆ ಒಂದು ಉಸಿರು, ಒಂದು ಏಟು, ಮತ್ತೆ ಸುಮ್ಮನೆ. ಆದರೂ ರೊಟ್ಟಿ ತೆಳ್ಳಗೆ ಚಂದ್ರನ ಹಾಗೆ ಬರುತ್ತಿತ್ತು. ರೊಟ್ಟಿ ಬಡಿಯುವುದೇ ಹಾಗೆಂದು ತಿಳಿದು ನಾನೂ ಅದನ್ನೇ ಕಲಿತೆ. ಮದುವೆಯಾಗಿ ಹೋದ ಮನೆಯಲ್ಲಿ ಹಾಗೆ ಬಡಿದಾಗ ನನ್ನ ಅತ್ತೆ, "ಇದ್ಯಾವ ಊರ ರೊಟ್ಟಿಯವ್ವಾ, ಕುಂಟಕೋಂತ ಬರತೈತಿ" ಎಂದು ನಕ್ಕಿದ್ದರು.

ಇದೆಲ್ಲ ಗೊತ್ತಿದ್ದೇ ದೊಡ್ಡಜ್ಜ ತನ್ನ ಮನೆಯ ಒಲೆಯನ್ನು ಹಿತ್ತಲಿನಿಂದ ಕಿತ್ತು ತಂದು ಆ ನಡುಗೋಡೆಗೆ ಹಚ್ಚಿ ಹಾಕಿಸಿದ್ದ. ಅವನ ಸೊಸೆ ಗಂಗವ್ವ ಅಲ್ಲಿ ಕೂತು, ಅಜ್ಜ ಹೊಲದಿಂದ ಬರುವ ಸಂಜೆಯ ಹೊತ್ತಿಗೆ ಸರಿಯಾಗಿ ಬಡಿಯಲು ಹತ್ತುತ್ತಿದ್ದಳು. ಅಜ್ಜ ಒಳಗೆ ಬರದೆ ಹೊರಗಿನ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಅವನ ಹಣೆಯ ನರ ಎದ್ದು ಕುಣಿಯುವುದನ್ನು ನಾನು ನೋಡುತ್ತಿದ್ದೆ. ನಾವೂ ಸುಮ್ಮನಿರಲಿಲ್ಲ. ಅವರ ಹೀರೇಬಳ್ಳಿ ಗೋಡೆ ಹತ್ತಿ ನಮ್ಮ ಕಡೆ ಇಣುಕಿದರೆ ಅಪ್ಪ ಅದನ್ನು ಹೂವಿನ ಸಮೇತ ಕೊಯ್ದು ಅವರ ಅಂಗಳಕ್ಕೇ ಎಸೆಯುತ್ತಿದ್ದ. ಗೋಡೆಯ ನೆತ್ತಿಯ ಮೇಲೆ ಜಾಲಿಮುಳ್ಳು ಹೇರಿಸಿದ್ದ. ಅವರ ಮನೆಯ ನೀರು ಕುಡಿಯಬಾರದು, ಅವರು ಕರೆದರೆ ಹೊರಳಿ ನೋಡಬಾರದು ಎಂದು ನನಗೆ ಮಾತು ಬರುವ ಮೊದಲೇ ಕಲಿಸಿದ್ದರು. ನಾನು ಚೆನ್ನಾಗಿ ಕಲಿತಿದ್ದೆ. ದೊಡ್ಡಜ್ಜನ ಬಿಳೀ ಧೋತರ, ಅವನ ಅತ್ತರಿನ ವಾಸನೆ, ಬೆತ್ತ ಊರುವ ಠೀವಿ, ಎಲ್ಲವನ್ನೂ ನಾನು ಮನಸಾರೆ ದ್ವೇಷಿಸುತ್ತಿದ್ದೆ.

ಅಜ್ಜ ತನ್ನ ಬಾಯಿಂದ ಆ ಸಂಗತಿ ಹೇಳಿದ್ದು ಒಂದೇ ಸಲ. ಜೋಳದ ತೆನೆಯಲ್ಲಿ ಹಾಲು ತುಂಬುವ ದಿನಗಳು. ಸುತ್ತಲ ಹೊಲಗಳಲ್ಲಿ ಹುಡುಗರು ಅಟ್ಟಣಿಗೆಯ ಮೇಲೆ ನಿಂತು ಡಬ್ಬಿ ಬಡಿದು ಹಕ್ಕಿ ಓಡಿಸುತ್ತಿದ್ದರು. ನಮ್ಮ ಹೊಲದಲ್ಲಿ ಮಾತ್ರ ಕವಣೆ. ಅಜ್ಜ ಆಚೆ ಬದುವಿನಲ್ಲಿದ್ದಾಗ ನನಗೊಂದು ಖಾಲಿ ಎಣ್ಣೆಡಬ್ಬಿ ಸಿಕ್ಕಿತು. ಕಟ್ಟಿಗೆಯಿಂದ ಬಾರಿಸತೊಡಗಿದೆ. ನಿಂತ ಬೆಳೆಯನ್ನು ತುಳಿದುಕೊಂಡು ಅವನು ಓಡಿಬಂದ. ಬೆಳೆ ತುಳಿದವರನ್ನು ಬೈಯುತ್ತಿದ್ದ ಮನುಷ್ಯ. ನನ್ನ ಮುಂಗೈ ಹಿಡಿದುಕೊಂಡ. ಆಮೇಲೆ ಬದುವಿನ ಮೇಲೆ ಕುಸಿದು ಕೂತು, ನನ್ನ ಕಡೆ ನೋಡದೆ ಅಂದ: "ನಾ ಬಾರಿಸಿದ್ದ ಕೇಳಿ ಹೆಜ್ಜಿ ಹಾಕ್ಕೋಂತ ಹ್ವಾದ್ರು, ಯವ್ವಾ. ಸಂಜಿಗೆ ಅವರನ್ನ ನಾನ ಹೊತಗೊಂಡ ಬಂದೆ."

"ಯಾರನ್ನ ಅಜ್ಜಾ?" ಎಂದೆ.

"ಎಲ್ಲಾರನ್ನೂ" ಅಂದ.

ಉಳಿದದ್ದನ್ನು ಶೇಂಗಾ ಸುಲಿಯುತ್ತ, ಕಾಳು ಹಸನು ಮಾಡುತ್ತ ಆಯಿ ಹೇಳಿದಳು. ಬ್ರಿಟಿಷರ ಕಾಲದ ಆ ಎರಡನೆಯ ಮಹಾಯುದ್ಧ ನಡೆದಿತ್ತಂತೆ. ಅಣ್ಣತಮ್ಮಂದಿರ ತಂದೆ ಆಗಲೇ ಇರಲಿಲ್ಲ. ಬಸಲಿಂಗಪ್ಪ ಮೀಸೆ ಬಂದ ಗಂಡಸು, ಮಲ್ಲಪ್ಪ ಇನ್ನೂ ಹದಿಮೂರರ ಹುಡುಗ. ಮನೆಯಿಂದ ಒಬ್ಬನನ್ನು ಪಲ್ಟಣಕ್ಕೆ ಕೊಟ್ಟವರ ಮೇಲೆ ಸಾಹೇಬರ ಕಣ್ಣು ಬೀಳುತ್ತದೆ, ಊರಿನ ಗೌಡಕಿ ಸಿಗುತ್ತದೆ ಎಂದು ಯಾರೋ ಅಣ್ಣನ ಕಿವಿಯಲ್ಲಿ ಊದಿದರು. ಎತ್ತು ತರೋಣ ಬಾ ಎಂದು ಅವನು ತಮ್ಮನನ್ನು ಬೈಲಹೊಂಗಲದ ಸಂತೆಗೆ ಕರೆದುಕೊಂಡು ಹೋದ. ಸಂತೆಯ ಬದಿಗೆ ಭರ್ತಿ ಮಾಡಿಕೊಳ್ಳುವವರು ಡೇರೆ ಹಾಕಿದ್ದರು. ಹುಡುಗನ ವಯಸ್ಸನ್ನು ಅಣ್ಣ ಹೆಚ್ಚು ಮಾಡಿ ಹೇಳಿದ. ಬಂದೂಕಿನಷ್ಟೂ ಉದ್ದ ಇಲ್ಲವಲ್ಲ ಎಂದು ಅವರು ನಕ್ಕು ಒಂದು ಡ್ರಮ್ಮು ಮುಂದಿಟ್ಟರು. ಊರ ಡೊಳ್ಳಿನವರ ಬೆನ್ನು ಹತ್ತಿ ತಿರುಗುತ್ತಿದ್ದ ಹುಡುಗ. ಸಿಕ್ಕಿತೆಂದು ಖುಷಿಯಿಂದ ಬಾರಿಸಿದ. ಆ ಖುಷಿಯೇ ಅವನ ಕುತ್ತಿಗೆಗೆ ಬಂತು. ಸಂಜೆ ಅಣ್ಣ ಒಬ್ಬನೇ ಮನೆಗೆ ಬಂದು, ಮಲ್ಲ್ಯಾನನ್ನು ಧಾರವಾಡದಲ್ಲಿ ಸಾಲಿಗೆ ಹಚ್ಚಿದ್ದೇನೆ ಎಂದು ತಾಯಿಗೆ ಹೇಳಿದ.

ಹಡಗು ಹತ್ತಿಸಿ ಇಟಲಿಯ ತನಕ ಒಯ್ದರಂತೆ. ಊರು ಬಿಟ್ಟರೆ ನೇಸರಗಿಯ ಆಚೆ ಏನನ್ನೂ ಕಂಡಿರದ ಹುಡುಗ. ಬೆಳಿಗ್ಗೆ ಅವನೂ ಅವನಂಥ ಇನ್ನಷ್ಟು ಹುಡುಗರೂ ಬಾರಿಸುತ್ತ ಮುಂದೆ ನಡೆಯಬೇಕು, ಅದರ ತಾಳಕ್ಕೆ ಸಿಪಾಯಿಗಳು ಹೆಜ್ಜೆ ಹಾಕಬೇಕು. ಗುಂಡು ಹಾರಲು ಸುರುವಾದರೆ ಡ್ರಮ್ಮುಗಳನ್ನು ಗಾಡಿಗೆ ಎಸೆದು ಅದೇ ಹುಡುಗರ ಕೈಗೆ ಡೋಲಿ ಕೊಡುತ್ತಿದ್ದರು, ಬಿದ್ದವರನ್ನು ಹೊತ್ತು ತರಲಿಕ್ಕೆ. ಬೆಳಿಗ್ಗೆ ಗದ್ದ ಹಿಡಿದು ಚೇಷ್ಟೆ ಮಾಡಿದ ಗಂಡಸನ್ನು ಸಂಜೆ ಕಾಲಿಲ್ಲದೆ ಎತ್ತಿ ತರುವುದು. ಯುದ್ಧ ಮುಗಿದು ಊರಿಗೆ ಬಂದಾಗ ಅವನ ಒಂದು ಕಿವಿ ಕೇಳುತ್ತಿರಲಿಲ್ಲ. ಊರಬಾಗಿಲಾದ ಅಗಸಿ ದಾಟಿ, ಓಣಿಯುದ್ದಕ್ಕೂ ಓಡಿ ಬಂದು, ಹೊಸ್ತಿಲಲ್ಲಿ ನಿಂತು "ಯವ್ವಾ" ಎಂದು ಕೂಗಿದ. ಒಳಗಿಂದ ಅಣ್ಣ ಬಂದು ಹೊಲದ ಕಡೆ ಕೈ ಮಾಡಿ ತೋರಿಸಿದ. ತಾಯಿ ಅಲ್ಲಿ ಮಣ್ಣಾಗಿ ಬಹಳ ದಿನಗಳಾಗಿದ್ದವು. ಮುಂದಿನ ವಾರವೇ ಮನೆಯ ನಡುವೆ ಗೋಡೆ ಎದ್ದಿತು.

ಕಾರ್ಗಿಲ್ ಯುದ್ಧದ ಬೇಸಿಗೆಯಲ್ಲಿ ನಾನು ಹೈಸ್ಕೂಲಿಗೆ ಕಾಲಿಟ್ಟಿದ್ದೆ. ಊರಲ್ಲಿ ಟಿವಿ ಇದ್ದ ಎರಡು ಮನೆಗಳ ಮುಂದೆ ಸಂಜೆ ಜಾತ್ರೆಯಷ್ಟು ಜನ. ಒಂದು ದಿನ ದೊಡ್ಡಜ್ಜ ನಮ್ಮ ತಲೆಬಾಗಿಲೊಳಗೆ ಬಂದು ನಿಂತ. ನಮ್ಮ ಪಡಸಾಲೆಯಲ್ಲಿ ಅವನನ್ನು ನಾನು ನೋಡಿದ್ದು ಅದೇ ಮೊದಲು. ಕೂಡು ಎಂದು ಯಾರೂ ಅನ್ನಲಿಲ್ಲ. ಅಜ್ಜ ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಮಲ್ಲ್ಯಾ, ಊರಾಗ ಮೆರವಣಿಗಿ ಐತಿ" ಅಂದ ದೊಡ್ಡಜ್ಜ. "ಯುದ್ಧಕ್ಕ ಹೋದ ಹುಡುಗೂರ ಸಲುವಾಗಿ. ನೀ ಕೊಳ್ಳಾಗ ಡ್ರಮ್ ಹಾಕ್ಕೊಂಡ ಮುಂದ ನಿಂದ್ರಬೇಕು. ಶಾಲು ಹೊಚ್ಚತಾರ. ಮನಿ ಹೆಸರ ಬರತೈತಿ."

"ಯಾರ ಮನಿದು?" ಅಂದ ಅಜ್ಜ.

ದೊಡ್ಡಜ್ಜ ಗೋಡೆಯ ಕಡೆ ನೋಡಿದ. "ಆಗ ಈ ಮನಿ ಒಬ್ಬನ್ನ ಕೊಟ್ಟಿತ್ತು. ಈಗೂ ಕೊಡಾಂವ ಅದೇನಿ. ನಮ್ಮ ಈರಣ್ಣನ್ನ ಮಿಲಿಟ್ರಿ ಸಾಲಿಗೆ ಹಾಕತೇನಿ. ಮೆರವಣಿಗ್ಯಾಗ ಡ್ರಮ್ ಬಾರಿಸಾಂವನೂ ಅವನ."

ಅಜ್ಜನ ಕೈಯಲ್ಲಿ ಹಗ್ಗ ನಿಂತಿತು. "ಹೊರಗ ನಡಿ" ಅಂದ. ದನಿ ಏರಿರಲಿಲ್ಲ. ಆದರೆ ಗೋದಲಿಯಲ್ಲಿ ಮೇಯುತ್ತಿದ್ದ ಎತ್ತು ತಲೆ ಎತ್ತಿ ನೋಡಿತು.

ಈರಣ್ಣ ದೊಡ್ಡಜ್ಜನ ಮೊಮ್ಮಗ, ಗಂಗವ್ವನ ಮಗ, ನನ್ನ ಓರಗೆಯವನು. ಒಂದೇ ಬೆಂಚಿನ ಆಚೆ ಈಚೆ ತುದಿಗೆ ಕೂತು ವರ್ಷಗಟ್ಟಲೆ ಒಂದು ಮಾತೂ ಆಡಿರದವರು ನಾವು. ಮರುದಿನ ಮಧ್ಯಾಹ್ನ, ದೊಡ್ಡಜ್ಜ ಮಲಗಿದ ಹೊತ್ತು ನೋಡಿ, ಗಂಗವ್ವ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಕೈಯಲ್ಲಿ ಹಿಟ್ಟು ಒಣಗಿತ್ತು. ಆಯಿ ಬಾಗಿಲು ಪೂರ್ತಿ ತೆರೆಯಲಿಲ್ಲ. "ಇಷ್ಟ ವರ್ಸ ಕಿವಿ ಹರದ ಹೋಗೂವಂಗ ಬಡದಿ, ಈಗ ಬಂದಿಯೇನ?" ಅಂದಳು. ಗಂಗವ್ವ ಆಕೆಯನ್ನು ದಾಟಿ ಒಳಗೆ ಕೂತಿದ್ದ ಅಜ್ಜನಿಗೆ ಹೇಳಿದಳು:

"ಸಣ್ಣ ಮಾವಾರ, ಅಲ್ಲೇ ಕುಂತ ಬಡಿ ಅಂದ್ರು, ಬಡದೇನ್ರಿ. ನನ್ನ ತಪ್ಪ ಹೊಟ್ಯಾಗ ಹಾಕ್ಕೋರಿ. ಹುಡುಗನ್ನ ಉಳಸ್ರಿ. ಆ ಮನ್ಯಾಗ ನನ್ನ ಮಾತ ಯಾರೂ ಕೇಳೂದಿಲ್ಲ. ಅವರಪ್ಪನೂ ಬಾಯಿ ತಗಿಯೂದಿಲ್ಲ."

"ಮನಿಗೆ ಹೋಗವ್ವಾ" ಎಂದಷ್ಟೇ ಅಂದ ಅಜ್ಜ. ಅವಳು ಸೆರಗಿನಿಂದ ಮೋರೆ ಒರೆಸಿಕೊಂಡು ಹೋದಳು.

ಮೆರವಣಿಗೆಯ ಬೆಳಿಗ್ಗೆ ಅಜ್ಜ ಹೊಲಕ್ಕೆ ಹೋಗಲಿಲ್ಲ. ಸಾಲಿಯ ಮಕ್ಕಳು ಕಾಗದದ ಬಾವುಟ ಹಿಡಿದಿದ್ದರು, ನನಗೂ ಒಂದು ಕೊಟ್ಟಿದ್ದರು. ಮುಂದೆ ದೊಡ್ಡಜ್ಜ, ಜರಿಯ ರುಮಾಲು. ಅವನ ಪಕ್ಕ ಈರಣ್ಣ. ಡ್ರಮ್ಮು ಅವನ ಮೊಳಕಾಲಿಗೆ ಬಡಿಯುತ್ತಿತ್ತು. ಮೆರವಣಿಗೆ ನಮ್ಮ ಬಾಗಿಲ ಮುಂದೆ ಬಂದಾಗ ದೊಡ್ಡಜ್ಜ ಬೆತ್ತ ಎತ್ತಿ ಎಲ್ಲರನ್ನೂ ನಿಲ್ಲಿಸಿದ. "ಇಲ್ಲೇ ನಿಂತ ಬಾರಸೋ" ಅಂದ. ಈರಣ್ಣ ಬಾರಿಸಿದ. ಒಳಗಿಂದ ಆಯಿ ಬಾಗಿಲು ಹಾಕಿಕೊಂಡ ಸಪ್ಪಳವಾಯಿತು. "ಜೋರಲೇ ಬಾರಸೋ, ಅವಂಗ ಒಂದ ಕಿವಿ ಕೇಳೂದಿಲ್ಲ" ಎಂದ ದೊಡ್ಡಜ್ಜ, ಜನರ ಕಡೆ ಹೊರಳಿ ನಕ್ಕ. ಕೆಲವರು ನಕ್ಕರು. ನನ್ನ ಕೈಯಲ್ಲಿದ್ದ ಬಾವುಟದ ಕಡ್ಡಿ ಮುರಿಯುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದೆ.

ಬಾಗಿಲು ತೆರೆಯಿತು. ಅಜ್ಜ ಬರಿಗಾಲಲ್ಲಿ ಬಂದು ಈರಣ್ಣನ ಮುಂದೆ ನಿಂತ.

"ವಯಸ್ಸೆಷ್ಟಪಾ ನಿಂದು?"

"ಹದಿಮೂರ್ರಿ ಅಜ್ಜಾರ."

ಅಜ್ಜ ಅವನ ಹೆಗಲಿಂದ ಪಟ್ಟಿಯನ್ನು ಮೆಲ್ಲಗೆ ತೆಗೆದ. ಡ್ರಮ್ಮನ್ನು ನೆಲಕ್ಕೆ ಅಪ್ಪಳಿಸುತ್ತಾನೆ ಎಂದುಕೊಂಡೆ. ಅವನು ಅದನ್ನು ತನ್ನ ಕೊರಳಿಗೆ ಹಾಕಿಕೊಂಡ. ಕೋಲುಗಳನ್ನು ಬೆರಳಲ್ಲಿ ಒಂದು ಸಲ ಹೊರಳಿಸಿ ನೋಡಿದ. ಆಮೇಲೆ ಬಾರಿಸಿದ. ಅದು ನಾವು ಸಾಲಿಯಲ್ಲಿ ಕೇಳಿದ ಬಡಿತವಲ್ಲ. ತಗಡಿನ ಮೇಲೆ ಆಣೆಕಲ್ಲು ಬೀಳಲು ಸುರುವಾದಂತೆ ಮೊದಲು ಅಲ್ಲೊಂದು ಇಲ್ಲೊಂದು, ನೋಡುನೋಡುತ್ತ ಒಂದೇ ಸಮನೆ, ನಡುವೆ ಬಿಡುವೇ ಇಲ್ಲದ ಹಾಗೆ. ಹಗ್ಗ ಹೊಸೆದು ಬಿರಿದ ಆ ಕೈಗಳು ಆ ಸಪ್ಪಳವನ್ನು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಒಳಗೇ ಇಟ್ಟುಕೊಂಡಿದ್ದವೆಂದರೆ ನಂಬುವುದು ಕಷ್ಟ. ಸಾಲಿನಲ್ಲಿ ನಿಂತಿದ್ದ ಗಂಡಸರ ಕಾಲು ತಾವಾಗಿ ಅಲುಗಾಡಿದವು. ನನ್ನ ಕಾಲೂ ಅಲುಗಾಡಿತು. ಆಗ ನನಗೆ ಬದುವಿನ ಮೇಲೆ ಅವನು ಹೇಳಿದ ಮಾತಿನ ಅರ್ಥವಾಯಿತು.

ದೊಡ್ಡಜ್ಜ ಮೊದಲು ಚಪ್ಪಾಳೆ ತಟ್ಟಿದ. ಅಜ್ಜ ಬಾರಿಸುತ್ತಲೇ ಅವನ ಎದೆಗೆ ಎದೆ ಕೊಟ್ಟಂತೆ ಒಂದು ಹೆಜ್ಜೆ ಮುಂದಿಟ್ಟ. ದೊಡ್ಡಜ್ಜ ಒಂದು ಹೆಜ್ಜೆ ಹಿಂದೆ ಸರಿದ. ಅಜ್ಜ ಮತ್ತೊಂದು ಇಟ್ಟ. "ಏ ಮಲ್ಲ್ಯಾ, ಸಾಕೋ" ಅಂದ ದೊಡ್ಡಜ್ಜ, ಇನ್ನೂ ನಗುತ್ತಲೇ. ಡ್ರಮ್ಮು ನಿಲ್ಲಲಿಲ್ಲ. ಹಾಗೆ ಹಿಮ್ಮುಖವಾಗಿ, ಆಮೇಲೆ ಅರ್ಧ ಹೊರಳಿ, ಬೆತ್ತ ಊರುತ್ತ, ಎಂಬತ್ತು ದಾಟಿದ ಆ ಮನುಷ್ಯ ಓಣಿಯಲ್ಲಿ ನಡೆದ. ಹಿಂದೆ ತಮ್ಮ ಬಾರಿಸುತ್ತ ನಡೆಸಿದ. ಜನ ಇದೂ ಮೆರವಣಿಗೆಯ ಒಂದು ಗಮ್ಮತ್ತು ಎಂದುಕೊಂಡು ಸಿಳ್ಳೆ ಹಾಕಿದರು. ಹಿಟ್ಟಿನ ಗಿರಣಿ ದಾಟುವ ಹೊತ್ತಿಗೆ ಸಿಳ್ಳೆ ನಿಂತಿತ್ತು. ಅಗಸಿಯ ಬುಡಕ್ಕೆ ಬಂದು ಅಜ್ಜ ಬಾರಿಸುವುದನ್ನು ನಿಲ್ಲಿಸಿದ.

"ಇಲ್ಲಿಂದ ಕರಕೊಂಡ ಹೋದಿ" ಅಂದ ಅಜ್ಜ. "ಎತ್ತ ತರೂಣು ಬಾ ಅಂದಿ."

"ಆಗಿನ ಮಾತ ಈಗ ಯಾಕ ತಗದಿ? ಮಂದಿ ನೋಡಾಕ ಹತ್ತ್ಯಾರ."

"ನೋಡ್ಲಿ. ಅವ್ವಗ ಏನ ಹೇಳಿದಿ?"

"ಸಾಲಿಗೆ ಹ್ವಾದ ಅಂದೆ."

"ಸಾಯೂ ಮುಂದ ಅಕಿ ಏನಂದ್ಲು?"

ದೊಡ್ಡಜ್ಜನ ರುಮಾಲು ಜಾರಿ ಕಿವಿಯ ಮೇಲೆ ಬಂದಿತ್ತು. ಬೆವರು ಗದ್ದದಿಂದ ಇಳಿಯುತ್ತಿತ್ತು. ಅವನು ಬಹಳ ಮೆತ್ತಗೆ ಹೇಳಿದ, ಹಿಂದಿದ್ದವರು ಏನಂತೆ ಏನಂತೆ ಎಂದು ಕೇಳಿಕೊಳ್ಳಬೇಕಾಯಿತು. "ನಿನ್ನ ಹೆಸರ ಹಿಡದ ಕರದ್ಲು. ಮಲ್ಲ್ಯಾ, ಬಂದಿಯೇನೋ, ಅಂದ್ಲು. ಅಕಿಗೆ ಕಣ್ಣ ಕಾಣಾಕ ಒಲ್ಲದಾಗಿದ್ದೂವು. ನಾ, ಬಂದೇನ ಯವ್ವಾ, ಅಂದೆ. ನಿನ್ನಂಗ ದನಿ ಮಾಡಿ. ನನ್ನ ಕೈ ಹಿಡಕೊಂಡ ಜೀವಾ ಬಿಟ್ಲು."

ಹೆಂಗಸರು ಲೊಚಗುಟ್ಟಿದರು. ಗುಂಪಿನಲ್ಲಿ ಹಿರಿಯರೊಬ್ಬರು ಇಬ್ಬರನ್ನೂ ಕೂಡಿಸಲು ಮುಂದೆ ಬಂದರು. ಅಣ್ಣನ ಕಾಲಿಗೆ ತಮ್ಮ ಬಿದ್ದಾನು, ತಮ್ಮನನ್ನು ಅಣ್ಣ ತಬ್ಬಿಕೊಂಡಾನು ಎಂದು ಊರಿಗೆ ಊರೇ ಕಾದಿತ್ತು. ಅಜ್ಜ ಅಣ್ಣನ ಮುಖವನ್ನು ನೋಡುತ್ತ ನಿಂತಿದ್ದ.

"ಅದನ್ನೂ ನೀನ ತಗೊಂಡಿ" ಅಂದ.

ಡ್ರಮ್ಮನ್ನು ಕೊರಳಿಂದ ತೆಗೆದು ಅಗಸಿಯ ಕಲ್ಲಿನ ಮೇಲಿಟ್ಟ. ಈರಣ್ಣನಿಗೆ "ಮುಟ್ಟಬ್ಯಾಡ" ಅಂದ. ಹೊಲದ ದಾರಿ ಹಿಡಿದು ನಡೆದುಬಿಟ್ಟ. ಮರುದಿನ ಮೊದಲ ಬಸ್ಸಿಗೆ ಗಂಗವ್ವ ಮಗನ ಕೈ ಹಿಡಿದುಕೊಂಡು ಸಿರಸಂಗಿಯ ತನ್ನ ತವರಿಗೆ ಹೊರಟಳು. ಊರೆದುರಿಗೆ ತಲೆ ತಗ್ಗಿಸಿ ಬಂದಿದ್ದ ದೊಡ್ಡಜ್ಜನಿಗೆ ಅವಳನ್ನು ತಡೆಯುವ ಬಾಯಿ ಉಳಿದಿರಲಿಲ್ಲ. ಈರಣ್ಣ ಅಲ್ಲೇ ಸಾಲಿ ಕಲಿತ. ಈಗ ಸವದತ್ತಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಎರಡು ಹೆಣ್ಣುಮಕ್ಕಳು.

ಗಂಗವ್ವ ಹೋದ ಮೇಲೆ ಗೋಡೆಯ ಆಚೆ ಸಪ್ಪಳ ನಿಂತಿತು. ದೊಡ್ಡಜ್ಜನ ಮಗ ಬೈಲಹೊಂಗಲದಿಂದ ಬುತ್ತಿ ತರಿಸಿ ತಂದೆಗೆ ಕೊಡುತ್ತಿದ್ದನೆಂದು ಕೇಳಿದೆವು. ನಮಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಅಜ್ಜ ಮಾತ್ರ ಸಂತೋಷಪಟ್ಟಂತೆ ಕಾಣಲಿಲ್ಲ. ಸಂಜೆ ಈಗ ಒಳಗೇ ಕೂಡುತ್ತಿದ್ದ, ಆ ಅರ್ಧ ಕಂಬಕ್ಕೆ ಒರಗಿ, ಕೇಳುವ ಕಿವಿಯನ್ನು ಗೋಡೆಯ ಕಡೆ ಮಾಡಿ. ಅಣ್ಣನೊಡನೆ ಮತ್ತೆಂದೂ ಮಾತಾಡಲಿಲ್ಲ. ಕೆಲವು ವರ್ಷ ಕಳೆದು, ಒಂದು ಮಳೆಗಾಲದಲ್ಲಿ ಜ್ವರ ಬಂದು ಮಲಗಿದವನು ಏಳಲಿಲ್ಲ. ಕೊನೆಯ ದಿನ ಆಯಿ ಗಂಜಿ ಕುಡಿಸುತ್ತಿದ್ದಳು, ನಾನು ಅವನ ಬೆನ್ನಿಗೆ ಆನಿಕೆಯಾಗಿ ಕೂತಿದ್ದೆ. ಅವನು ಗಂಜಿಯ ಬಟ್ಟಲನ್ನು ಕೈಯಿಂದ ತಡೆದು, ಸ್ಪಷ್ಟವಾಗಿ, "ಅಣ್ಣ ಉಂಡಾನೇನ?" ಎಂದು ಕೇಳಿದ. ಆಯಿ ಸೆರಗಿನಿಂದ ಅವನ ಗದ್ದ ಒರೆಸಿದಳು. ಅವನು ಮತ್ತೆ ಕೇಳಲಿಲ್ಲ.

ಮಣ್ಣಿಗೆ ದೊಡ್ಡಜ್ಜ ಬಂದಿದ್ದ. ಕುಣಿಯಲ್ಲಿ ಅಜ್ಜನನ್ನು ಕೂಡಿಸಿ ವಿಭೂತಿ ಇಡುವ ಹೊತ್ತಿಗೆ ಬೆತ್ತ ಊರಿಕೊಂಡು ಹತ್ತಿರ ಬಂದ. ಅಪ್ಪ ಅವನಿಗೆ ಅಡ್ಡವಾಗಿ ಕೈ ಚಾಚಿದ. ಅವನು ಬದುವಿನ ಮೇಲೆ, ಕೈಯಲ್ಲಿ ಒಂದು ಹಿಡಿ ಮಣ್ಣು ಹಿಡಿದುಕೊಂಡು ನಿಂತಿದ್ದು, ಎಲ್ಲರಿಗಿಂತ ಮೊದಲು ಹೋಗಿಬಿಟ್ಟ.

ಕೆಲವು ದಿನಗಳ ಮೇಲೆ, ಬಿಸಿಲೇರಿದ ಹೊತ್ತಿಗೆ, ಅವನು ನಮ್ಮ ಮೆಟ್ಟಿಲ ಕೆಳಗೆ ಬಂದು ನಿಂತ. ಆಯಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಅವನೊಡನೆ ಒಂದು ಮಾತೂ ಆಡಿರದವಳು ಸೆರಗನ್ನು ಹಣೆಯ ತನಕ ಎಳೆದುಕೊಂಡಳು.

"ತಂಗಿ" ಅಂದ ದೊಡ್ಡಜ್ಜ. "ಹೋಗೂ ಮುಂದ ಮಲ್ಲ್ಯಾ ನನ್ನ ಬಗ್ಗೆ ಏನರೆ ಅಂದ್ನೇನು?"

ನಾನು ಆಯಿಯ ಮುಖ ನೋಡಿದೆ. ಅವಳು ಬೇಳೆಯೊಳಗಿನ ಒಂದು ಹರಳು ಹೆಕ್ಕಿ ಆಚೆ ಎಸೆದಳು.

"ಏನೂ ಅನ್ನಲಿಲ್ರಿ, ಭಾವಾರ."

ಅವನು ತಲೆ ಆಡಿಸಿದ, ಅದೇ ಸರಿ ಎನ್ನುವ ಹಾಗೆ. ಪಕ್ಕದ ಬಾಗಿಲಿಗೇ ಹೋಗಬೇಕಿತ್ತು, ಆದರೂ ಬಹಳ ಹೊತ್ತು ಹಿಡಿಯಿತು. ಬೆತ್ತದ ಸಪ್ಪಳ ನಿಂತ ಮೇಲೆ ನಾನು, "ಯಾಕ ಆಯಿ ಹಂಗಂದಿ?" ಎಂದೆ.

"ಅಂವಾ ಕೇಳಿದ್ದು ನನ್ನನ್ನ" ಎಂದಳು ಆಯಿ. "ನಿಮ್ಮಜ್ಜನ್ನಲ್ಲ." ಬೇಳೆಯನ್ನು ಕೇರತೊಡಗಿದಳು.

ಮುಂದಿನ ಸುಗ್ಗಿಗೆ ದೊಡ್ಡಜ್ಜ ಇರಲಿಲ್ಲ. ಆಮೇಲೆ ಆಯಿ ಹೋದಳು, ಅಪ್ಪ ಹೋದ. ಗೋಡೆಯ ಎರಡೂ ಕಡೆಯ ಮಾಳಿಗೆ ಒಂದೇ ಮಳೆಗಾಲದಲ್ಲಿ ಕುಸಿಯಿತಂತೆ, ಜಾಗ ಬೇರೆಯವರ ಪಾಲಾಯಿತು. ಹೋದ ವರ್ಷ ನೇಸರಗಿಯಲ್ಲಿ ಒಂದು ಮದುವೆಗೆ ಹೋದವಳು ಅಲ್ಲಿಗೂ ಹೋಗಿಬಂದೆ. ಬಯಲು. ಕಂಬ ಯಾರ ಒಲೆಗೆ ಹೋಯಿತೋ. ನಮ್ಮ ಕಡೆ ಯಾವುದು, ಆ ಕಡೆ ಯಾವುದು ಎಂದು ಹುಡುಕುತ್ತ ಕೆಂಪು ಮೆಣಸಿನಕಾಯಿ ಹರವಿದ ತಾಡಪತ್ರಿಯ ಸುತ್ತ ಎರಡು ಸಲ ತಿರುಗಿದೆ. ಅದನ್ನು ಕಾಯುತ್ತಿದ್ದ ಹೆಂಗಸು ಕಣ್ಣಿಗೆ ಕೈ ಮರೆಮಾಡಿ ನೋಡಿದಳು.

"ಯಾರ ಮನಿಗೆ ಬಂದೀರಿ ಯವ್ವಾ?"

ಬಸಲಿಂಗಪ್ಪ, ಮಲ್ಲಪ್ಪ ಎಂದು ಎರಡೂ ಹೆಸರು ಹೇಳಿದೆ. ಅವಳಿಗೆ ಗೊತ್ತಿರಲಿಲ್ಲ.

"ಅವ್ರು ಅಣ್ಣ ತಮ್ಮರೇನ್ರಿ?" ಎಂದು ಕೇಳಿದಳು.

"ಹೌದ್ರಿ" ಎಂದೆ. "ಅಣ್ಣ ತಮ್ಮರು."

ಅವರಿಬ್ಬರನ್ನೂ ಒಂದೇ ಉಸಿರಿನಲ್ಲಿ ಹಾಗೆ ಕರೆದವರು ನನ್ನ ನೆನಪಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಇಲ್ಲ.